ಭೋಗ್ಯ

ಮತ್ತಿಗಿರಿ ದಾಟಿ ಕೆಲಮಂಗಲದ ದಾರಿಯಲ್ಲಿ ತಗಡಿನ ಶೆಡ್ಡು.
ವಿಮಾನದಿಂದ ಕಳಚಿ ತಂದ ಹದಿನಾರು ಸೀಟು
ಲಾರಿಯಿಳಿದು ಗೋಡೆಗೆ ಮುಖ ಮಾಡಿ ಕೂತಿವೆ,
ಮೇಷ್ಟ್ರು ಬರೋ ತನಕ ಏಳಬಾರದು ಅಂದ ಹಾಗೆ.

ವಿಮಾನ ಕಂಪನಿಯದಲ್ಲವಂತೆ.
ಆರು ವರ್ಷದ ಲೀಸು. ಮುಗಿಯಿತು.
ಬಾಲಕ್ಕೆ ಬಳಿದ ಬಣ್ಣ ಮಾತ್ರ ಇವರದು,
ರೆಕ್ಕೆ ಯಾರದೋ, ಆ ಯಜಮಾನ ಯಾವ ದೇಶದವನೋ
ದಸ್ತಗೀರ್ ಮೇಸ್ತ್ರಿಗೂ ಗೊತ್ತಿಲ್ಲ.
'ಹೆಂಗೆ ಕೊಟ್ಟಿದ್ರೋ ಹಂಗೇ ವಾಪಸ್ ಕೊಡ್ಬೇಕಮ್ಮ,
ನಲವತ್ತು ಪುಟದಾಗೆ ಇಷ್ಟೇ ಬರ್ದಿರೋದು.'

ಆ ಕಾಗದ ನನಗೂ ಗೊತ್ತು.
ಬಾಗಲೂರು ರಸ್ತೆಯ ನಮ್ಮ ಎರಡು ಕೋಣೆಯೂ ಭೋಗ್ಯದ್ದೇ:
ಮೂರು ಲಕ್ಷ, ಮೂರು ವರ್ಷ, ಗೋಡೆಗೆ ಮೊಳೆ ಹೊಡೆಯಬಾರದು.
ಹೊಡೆದೆ. ಒಂದೇ ಒಂದು. ಕ್ಯಾಲೆಂಡರಿಗೆ.
ಬಿಡುವ ದಿನ ಪುಟ್ಟಿ ಮೆತ್ತಿ, ಬೆರಳು ತೀಡಿ,
ಇಲ್ಲಿ ಯಾರೂ ಇರಲೇ ಇಲ್ಲವೆನ್ನುವ ಹಾಗೆ ಮಾಡಿದರಾಯಿತು.
ಕಸುಬೂ ಅದೇ ತಾನೆ ನನ್ನದು.

ಮಧ್ಯಾಹ್ನ ಅರುಳ್ ಪಟ್ಟಿ ಓದುತ್ತಾನೆ.
ಕೂತು ಹೋದವರು ಹೇಳಿದ್ದೆಲ್ಲ ಬರೆದು ಕಳಿಸಿದ್ದಾರೆ,
ಎಲ್ಲಿ ಸ್ಪಂಜು ಬದಲಿಸಬೇಕು ನಮಗೆ ತಿಳಿಯಲೆಂದು.
ಇಂಗ್ಲಿಷಲ್ಲಿ ಓದಿ, ತಮಿಳಲ್ಲಿ ನಕ್ಕು, ನನಗಾಗಿ ಕನ್ನಡದಲ್ಲಿ ತಡವರಿಸುತ್ತಾನೆ.
ಒಂದು-ಸಿ: ಹಾಸಿಗೆ ಅಂದರು, ಜಾರುಬಂಡೆ.
ನಾಲ್ಕು-ಎ: ಕಿಟಕಿ ಪಕ್ಕವೆಂದು ದುಡ್ಡು ಕೊಟ್ಟೆ. ಕಿಟಕಿಯೇ ಇಲ್ಲ, ಗೋಡೆ.
ಮೂರು-ಡಿ: ಎದ್ದು ಹೋಗಲು ಮಲಗಿದವನನ್ನು ದಾಟಬೇಕು,
ನನ್ನ ವಯಸ್ಸಿಗೆ ಇದೇನು ಚೆಂದವೇ?
ನಾಲ್ಕು-ಸಿ: ಕಾಲಿಡುವ ಗೂಡು ಶೂ ಡಬ್ಬಿಯಷ್ಟು.
ಎರಡು-ಎ: ಎಡಸೊಂಟ. ರಾತ್ರಿಯಿಡೀ ಎಡಸೊಂಟ.

ರೋಸಿಲಿ ಗುಂಡಿ ಹೊಲಿಯುತ್ತಾ ಕೊಸರುತ್ತಾಳೆ,
ತಳಿ ಬಸ್ಸಿನ ಹಿಂದಿನ ಸೀಟಲ್ಲಿ ಒಂದು ದಿನ ಕೂರಿಸಿ ಅವರನ್ನ.
ನಾನು ನಗಲಿಲ್ಲ. ಸೊಂಟ ಸುಳ್ಳು ಹೇಳುವುದಿಲ್ಲ,
ಯಾವ ಬೆಲೆಯ ಟಿಕೇಟಿನದ್ದೇ ಆಗಲಿ.

ಎರಡು-ಎ ಬಿಚ್ಚಿದೆ.
ಹೊಲಿಗೆ ಸಂದಿಯಲ್ಲಿ ಖರ್ಜೂರದ ಬೀಜ, ಒಂದು ಕಿವಿಯೋಲೆಯ ತಿರುಪು,
ಕಾಫಿಯದೋ ಔಷಧಿಯದೋ ಕಂದು ಕಲೆ.
ಅಂಗೈಯಿಟ್ಟು ಒತ್ತಿದರೆ ಎಡಗಡೆ
ರಾಗಿ ಮುದ್ದೆಗೆ ಬೆರಳೊತ್ತಿದ ಹಾಗೆ ತಗ್ಗು.
ಆರು ವರ್ಷ ಎಷ್ಟು ಜನ ಅಲ್ಲೇ ಮಗ್ಗುಲಾದರೋ.

ಸ್ಪಂಜು ಮಗುಚಿದೆ. ಅಡಿಯಲ್ಲಿ
ನೀಲಿ ಮಾರ್ಕರಿನ ಎರಡು ಸಾಲು ಬರಹ.
ಕನ್ನಡವಲ್ಲ, ತಮಿಳಲ್ಲ. ದಸ್ತಗೀರ್ ಕನ್ನಡಕ ಏರಿಸಿ
ಉರ್ದೂನೂ ಅಲ್ಲ ಅಂದರು.
ಅರುಳ್ ಫೋನಿನಲ್ಲಿ ಫೋಟೋ ಹಿಡಿಯಹೋದ, ಬೇಡವೆಂದೆ.
ಯಾಕೆ ಬೇಡವೆಂದೆನೋ.

ಇಷ್ಟು ಗೊತ್ತು: ನನ್ನ ಹಾಗೇ ಯಾರೋ
ಇನ್ನೊಂದು ಶೆಡ್ಡಿನಲ್ಲಿ, ಹಿಂದಿನ ಲೀಸು ಮುಗಿದಾಗ
ಬಾಯಲ್ಲಿ ಸೂಜಿ ಕಚ್ಚಿಕೊಂಡು ಇದನ್ನು ಗೀಚಿದ್ದಾರೆ.
ಹೆಸರೋ, ಬೈಗುಳವೋ, ಕೂಲಿ ಲೆಕ್ಕವೋ.

ಎಡಕ್ಕೆ ಅರ್ಧ ಇಂಚು ಹೆಚ್ಚು ಅಂಟಿಸಿದೆ.
ಕಾಗದದಲ್ಲಿ ಅದಕ್ಕೆ ಅನುಮತಿಯಿಲ್ಲ.
ಬ್ಯಾಟರಿಗೆ ವೈರು ಕೊಟ್ಟು, ಮೇಲೆ ಪೇಪರು ಹಾಸಿ
ಪರೀಕ್ಷೆಗೆಂದು ಕೂತೆ. ನಿಯಮದ ಪ್ರಕಾರ ಎಂಟು ನಿಮಿಷ.
ಸೀಟು ಗುರ್ರ್ ಎಂದು ಮಲಗಿತು, ನಾನೂ ಮಲಗಿದೆ,
ತಗಡಿನ ಕೆಳಗೆ, ಚಪ್ಪಲಿ ಹಾಕಿಕೊಂಡೇ.
ಎಡಸೊಂಟಕ್ಕೆ ಏನೂ ಅನ್ನಿಸಲಿಲ್ಲ.
ಅನ್ನಿಸದೆ ಇರುವುದೇ ಕೆಲಸ.

ಮುಚ್ಚುವ ಮುಂಚೆ ಆ ಎರಡು ಸಾಲಿನ ಕೆಳಗೆ
ನನ್ನ ಅಂಕುಡೊಂಕು ಅಕ್ಷರದಲ್ಲಿ ಬರೆದೆ:
'ಎಡಗಡೆ ಅರ್ಧ ಇಂಚು ಜಾಸ್ತಿ ಇದೆ, ತೆಗೀಬೇಡಿ.'
ಓದಲಾರದವರ ಕೈಗೇ ಸಿಗುತ್ತದೆ, ಗೊತ್ತು.
ಮೇಲಿನ ಸಾಲೂ ಇದನ್ನೇ ಹೇಳಿದ್ದಿರಬಹುದು.

ಸಂಜೆ ಅರುಳ್ ಬಂದ. ಒತ್ತಿ ನೋಡಿದ,
ಇನ್ನೊಮ್ಮೆ ಎಡಕ್ಕೆ ಒತ್ತಿದ, ನನ್ನ ಮುಖ ನೋಡಿದ.
ಪಟ್ಟಿಯಲ್ಲಿ ಎರಡು-ಎ ಎದುರು ಬರೆದುಕೊಂಡ:
ಮೊದಲಿದ್ದಂತೆ.